ರಜೆಯಲ್ಲಿ ನಾಲ್ಕು ದಿನ ಕಡಲಿಗಿರಲಿ

ಪ್ರತಿವರ್ಷವೂ ದೀಪಾವಳಿಗೆ ಎರಡು ತಿಂಗಳಿರುವಾಗಲೇ ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಗುಜರಾತಿ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ಅಜ್ಜಿಯಿಂದ ಮೊದಲ್ಗೊಂಡು ಮೊಮ್ಮಕ್ಕಳವರೆಗೆ ಎಲ್ಲರೂ ಆ ಸಮಾಲೋಚನೆಯಲ್ಲಿ ಪಾಲುಗೊಳ್ಳುತ್ತಾರೆ. ಥೇಪ್ಲಾ, ಖಾಖ್ರಾಗಳ ಡಬ್ಬಿಗಳು ಸಿದ್ಧವಾಗುತ್ತವೆ. ದೀಪಾವಳಿಯಿಂದ ಲಾಭಪಂಚಮಿಯವರೆಗೆ ಪೇಟೆ ಬಾಗಿಲು ಹಾಕಿತೆಂದರೆ ಇಡೀ ಸಂಸಾರ ರೈಲು ಹತ್ತಿ ಹೊರಡುತ್ತದೆ. ಅದೇ ಕಾಲಕ್ಕೆ ನಮ್ಮವರ ನಡುವೆಯೂ ಒಂದು ಪ್ರಶ್ನೆ ಏಳುವುದುಂಟು: ಈ ಸಲ ರಜೆ ಸಿಕ್ಕೀತೇ? ಸಿಕ್ಕಿದರೆ ಎಲ್ಲಿಗೆ ಎಂದು ಕೇಳುವ ಪ್ರಮೇಯವೇ ಇಲ್ಲ. ನಮ್ಮಲ್ಲಿ ರಜೆ ಎಂದರೆ ಊರು. ಊರು ಎಂದರೆ ಮನೆ. ಮನೆ ಎಂದರೆ ಹನ್ನೊಂದು ತಿಂಗಳಿಂದ ಕಾದು ಕುಳಿತಿರುವ ಕೆಲಸ.

ಊರಿಗೆ ಹೋಗಬಾರದೆಂದು ನಾವು ಹೇಳುತ್ತಿಲ್ಲ. ತಂದೆತಾಯಿಗಳ ಮುಖ ನೋಡುವುದಕ್ಕಿಂತ ಮಿಗಿಲಾದ ಯಾತ್ರೆ ಯಾವುದಿದೆ? ಆದರೆ ಆ ಹದಿನೈದು ದಿನಗಳು ಹೇಗೆ ಕಳೆಯುತ್ತವೆಂಬುದನ್ನು ನಮ್ಮ ಓದುಗರು ಒಮ್ಮೆ ಎಣಿಸಿ ನೋಡಬೇಕು. ಬರುವಾಗ ನೆಂಟರಿಷ್ಟರಿಗೆಲ್ಲ ಸೂರತ್ತಿನ ಸೀರೆಗಳ ಗಂಟು. ಬಂದ ಮರುದಿನ ಮಾಡಿನ ಹೆಂಚು ಸರಿಪಡಿಸುವ ಕೆಲಸ. ಅನಂತರ ಒಂದು ಮದುವೆ, ಒಂದು ಗೃಹಪ್ರವೇಶ, ಕುಟುಂಬದ ಮನೆಯಲ್ಲಿ ತಂಬಿಲ ಅಥವಾ ನೇಮ. ನಡುವೆ ಜಮೀನಿನ ಕಾಗದಕ್ಕಾಗಿ ಕಚೇರಿಗೆ ಎರಡು ಮೂರು ಸಲ ಅಲೆದಾಟ. ಕೈಯಲ್ಲಿದ್ದ ಹಣ ಮುಗಿದು, ಮೇಲೆ ಸ್ವಲ್ಪ ಸಾಲವೂ ಆಗಿ, ಹದಿನಾರನೆಯ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಮಾಣಿ ಮತ್ತೆ ಸೊಂಟಕ್ಕೆ ಬಟ್ಟೆ ಕಟ್ಟಿ ನಿಲ್ಲುತ್ತಾನೆ. ಹೋದಾಗ ಎಷ್ಟು ದಣಿದಿದ್ದನೋ ಬಂದಾಗ ಅದಕ್ಕಿಂತ ಹೆಚ್ಚು ದಣಿದಿರುತ್ತಾನೆ. ಇದನ್ನು ರಜೆ ಎನ್ನಲಾದೀತೇ? ಇದು ಒಂದು ಯಜಮಾನಿಕೆಯಿಂದ ಇನ್ನೊಂದು ಯಜಮಾನಿಕೆಗೆ ಆದ ವರ್ಗಾವಣೆ ಮಾತ್ರ.

ನಾವು ಸಂಪಾದಕರ ಕುರ್ಚಿಗೆ ಬರುವ ಮುನ್ನ ಬಹುಕಾಲ ಹೋಟೆಲಿನ ಗಲ್ಲೆಯ ಹಿಂದೆ ಕುಳಿತವರು. ಇಡ್ಲಿ ಹಿಟ್ಟಿನ ಹದದಷ್ಟೇ ಚೆನ್ನಾಗಿ ಕೆಲಸಗಾರನ ಕಣ್ಣಿನ ಬಳಲಿಕೆಯನ್ನೂ ಬಲ್ಲೆವು. ನಮ್ಮ ಹುಡುಗರಿಗೆ ಒಲೆಯ ಬಿಸಿ ಗೊತ್ತು, ಹಬೆಯ ಬಿಸಿ ಗೊತ್ತು. ಬಯಲಿನ ಬಿಸಿಲು ಮೈಮೇಲೆ ಬಿದ್ದು ಎಷ್ಟು ತಿಂಗಳಾಯಿತೆಂದು ಕೇಳಿದರೆ ಉತ್ತರವಿಲ್ಲ. ಗುಮಾಸ್ತರ ಪಾಡೂ ಬಹಳ ಬೇರೆಯಲ್ಲ; ಅವರಿಗೆ ಒಲೆಯ ಬದಲು ಕಡತ. ಆದುದರಿಂದ ನಮ್ಮ ಸೂಚನೆ ಇಷ್ಟೇ: ಊರಿಗೆ ಹೋಗುವ ರಜೆಯಲ್ಲಿ ನಾಲ್ಕು ದಿನಗಳನ್ನು ಬೇರೆಯಾಗಿ ತೆಗೆದಿರಿಸಿ, ಮೊದಲೇ ಯೋಚಿಸಿ, ಮನೆಯವರನ್ನು ಕೂಡಿಕೊಂಡು ಕಡಲ ತೀರದ ಪಟ್ಟಣಗಳನ್ನು ನೋಡುತ್ತಾ ತಿರುಗಬೇಕು. ಆ ನಾಲ್ಕು ದಿನ ಯಾರ ಕೆಲಸವನ್ನೂ ಮಾಡಕೂಡದು.

ಕಡಲ ಮಕ್ಕಳಿಗೆ ಕಡಲನ್ನು ತೋರಿಸುವುದೇ ಎಂದು ಕೆಲವರು ನಗಬಹುದು. ನಗುವ ಮೊದಲು ಒಂದು ಸಂಗತಿಯನ್ನು ಕೇಳಬೇಕು. ಒಂದು ಹೋಟೆಲಿನಲ್ಲಿ ದಿನವೂ ತಿಂಡಿಗೆ ಬರುವ ಗುಜರಾತಿ ಗೃಹಸ್ಥರೊಬ್ಬರು ರಜೆ ಮುಗಿಸಿ ಬಂದು, ‘ಭಾಯಿ, ನಿಮ್ಮ ಮುರುಡೇಶ್ವರ ನೋಡಿಕೊಂಡು ಬಂದೆವು. ಎಂಥ ಸಮುದ್ರ! ಎಂಥ ಶಿವ!’ ಎಂದು ಸಂತೋಷದಿಂದ ಹೇಳಿದರು. ಹೆಬ್ರಿಯ ಕಡೆಯ ಆ ಮಾಣಿ ಕಾಫಿ ಇಟ್ಟು, ‘ನಾನಿನ್ನೂ ನೋಡಿಲ್ಲ, ಸೇಠ್’ ಎಂದು ಒಳಗೆ ಹೋದನು. ಅವನ ವಯಸ್ಸು ಮೂವತ್ತನಾಲ್ಕು. ನಮ್ಮಲ್ಲಿ ಬಹುಮಂದಿ ಹದಿನೈದು ಹದಿನಾರರ ವಯಸ್ಸಿಗೇ ಊರು ಬಿಟ್ಟವರು. ನಮಗೆ ತಿಳಿದ ಕರಾವಳಿಯೆಂದರೆ ನಮ್ಮ ಗ್ರಾಮ, ಪಕ್ಕದ ಪೇಟೆ, ರೈಲು ನಿಲ್ದಾಣ. ಉಳಿದದ್ದನ್ನೆಲ್ಲ ಪರರು ಬಂದು ನೋಡಿ, ಹಿಂದಿರುಗಿ ನಮಗೇ ವರ್ಣಿಸುತ್ತಿದ್ದಾರೆ.

ವಿಚಿತ್ರವೇನೆಂದರೆ ಆ ಕಡಲು ನಮ್ಮ ದಾರಿಯಲ್ಲೇ ಇದೆ. ಹಿಂದೆ ಊರಿಗೆ ಹೋಗುವುದೆಂದರೆ ಮುಂಬಯಿಯಲ್ಲಿ ಇಳಿದು, ಅಲ್ಲಿಂದ ಹಗಲೂ ರಾತ್ರಿಯೂ ಬಸ್ಸಿನಲ್ಲಿ ಕುಳಿತು ಸೊಂಟ ಮುರಿದುಕೊಳ್ಳುವುದಾಗಿತ್ತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ಲೋಕಾರ್ಪಣೆಯಾದ ಮೇಲೆ ಆ ಕಷ್ಟ ನೀಗಿತು. 1990ರಲ್ಲಿ ಆ ರೈಲ್ವೆಯ ನಿಗಮ ಹುಟ್ಟಿದಾಗ ರೈಲ್ವೆ ಮಂತ್ರಿಗಳಾಗಿದ್ದವರು ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು. ಕಟ್ಟಿಸಿದ ಇಂಜಿನಿಯರರು ಇ. ಶ್ರೀಧರನ್. ಇದೇ ಫೆರ್ನಾಂಡಿಸರು ತಮ್ಮ ಯೌವನದಲ್ಲಿ ಮಂಗಳೂರಿನ ಹೋಟೆಲು ಕೆಲಸಗಾರರನ್ನೂ ಸಾರಿಗೆ ಕೆಲಸಗಾರರನ್ನೂ ಸಂಘಟಿಸಿ ಸಾರ್ವಜನಿಕ ಜೀವನವನ್ನು ಪ್ರಾರಂಭಿಸಿದವರೆಂಬುದನ್ನು ನಮ್ಮವರು ಮರೆಯಬಾರದು. ಇಂದು ಓಖಾದಿಂದ ಎರ್ನಾಕುಲಂಗೆ ಹೋಗುವ ಗಾಡಿಯಂಥವು ನಮ್ಮ ಮೂರು ನಗರಗಳನ್ನೂ ಮುಟ್ಟಿ, ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯುದ್ದಕ್ಕೂ ಓಡುತ್ತವೆ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದವಾದುದು. ಆ ರೈಲ್ವೆಯಲ್ಲೇ ಅತಿ ದೊಡ್ಡದು. ನಾವು ಅದನ್ನು ವರ್ಷಕ್ಕೆ ಎರಡು ಸಲ ದಾಟುತ್ತೇವೆ. ದಾಟುವಾಗ ಮೇಲಿನ ಹಲಗೆಯಲ್ಲಿ ಮುಸುಕು ಹಾಕಿ ಮಲಗಿರುತ್ತೇವೆ!

ನೋಡುವುದೂ ಒಂದು ಅಭ್ಯಾಸ. ಅದನ್ನು ನಾವಿರುವ ಸ್ಥಳದಲ್ಲೇ, ವಾರದ ರಜೆಯಲ್ಲೇ ಪ್ರಾರಂಭಿಸಬಹುದು. ಭಾರತದ ರಾಜ್ಯಗಳಲ್ಲೆಲ್ಲ ಅತ್ಯಂತ ಉದ್ದವಾದ ಕರಾವಳಿ ಗುಜರಾತಿನದು. ಅನ್ನ ಕೊಟ್ಟ ಈ ನಾಡಿನ ಕಡಲನ್ನು ಕಾಣದೆ ನಿವೃತ್ತರಾಗಿ ಹೋಗುವುದು ಕೃತಜ್ಞತೆಯ ಲಕ್ಷಣವಲ್ಲ.

ಅಹಮದಾಬಾದಿನವರು ಲೋಥಲ್‌ಗೆ ಹೋಗಲಿ; ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂದಿರುಗಬಹುದು. ಇಂದು ಅಲ್ಲಿ ಸಮುದ್ರವಿಲ್ಲ. ಆದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅದು ಹರಪ್ಪಾ ಜನರ ಬಂದರು. ಇನ್ನೂರು ಮೀಟರಿಗೂ ಉದ್ದವಾದ ಇಟ್ಟಿಗೆಯ ಕೊಳವೊಂದು ಅಲ್ಲಿದೆ. ಅದು ಹಡಗುಕಟ್ಟೆಯೆಂದು ಗುರುತಿಸಿದವರು, 1955ರಿಂದ ಅಲ್ಲಿ ಉತ್ಖನನ ನಡೆಸಿದ ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾವ್. ಮಲೆನಾಡಿನವರೊಬ್ಬರು ಗುಜರಾತಿನ ಮಣ್ಣಿನಡಿಯಿಂದ ಒಂದು ಬಂದರನ್ನು ಹೊರತೆಗೆದರೆಂಬುದು ಪರಸ್ಥಳದಲ್ಲಿ ದುಡಿಯುವ ನಮಗೆ ಹೆಮ್ಮೆಯ ವಿಷಯ.

ವಡೋದರಾದವರಿಗೆ ಕಾವಿ ಕಂಬೋಯಿ ಇದೆ. ಖಂಭಾತದ ಕೊಲ್ಲಿಯ ದಡದಲ್ಲಿರುವ ಅಲ್ಲಿನ ಸ್ತಂಭೇಶ್ವರ ಮಹಾದೇವನನ್ನು ಸಮುದ್ರವು ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗಿಸಿ, ಇಳಿತದಲ್ಲಿ ಮತ್ತೆ ದರ್ಶನ ಕೊಡಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಖಂಭಾತದ ಕೊಲ್ಲಿಯ ಉಬ್ಬರವಿಳಿತ ನಮ್ಮ ಮಲ್ಪೆ, ಉಳ್ಳಾಲಗಳದರಂತಲ್ಲ. ಭಾವನಗರದ ಬಳಿ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ಈಜು ಬಲ್ಲೆನೆಂಬ ಧೈರ್ಯದಿಂದ ಇಳಿತದ ಕೆಸರಿನಲ್ಲಿ ದೂರ ನಡೆದುಹೋಗಕೂಡದು.

ಸೂರತ್ತಿನವರು ಡುಮಸ್ಸಿನ ತೀರದಲ್ಲಿ ಭಜಿಯಾ ತಿಂದು ಬಂದರೆ ಸಾಲದು; ನವಸಾರಿಯ ದಾರಿಯಾಗಿ ದಾಂಡಿಗೆ ಹೋಗಿ ಬರಬೇಕು. 1930ರ ಮಾರ್ಚ್ 12ರಂದು ಅಹಮದಾಬಾದಿನ ಸಾಬರಮತಿ ಆಶ್ರಮದಿಂದ ಹೊರಟ ಗಾಂಧೀಜಿಯವರು ಏಪ್ರಿಲ್ 6ರಂದು ಹಿಡಿ ಉಪ್ಪನ್ನೆತ್ತಿ ಕಾನೂನನ್ನು ಮುರಿದುದು ಅಲ್ಲಿಯೇ. 2019ರಲ್ಲಿ ಅಲ್ಲಿ ರಾಷ್ಟ್ರೀಯ ಉಪ್ಪಿನ ಸತ್ಯಾಗ್ರಹ ಸ್ಮಾರಕವು ಉದ್ಘಾಟನೆಗೊಂಡಿತು. ಬಾಪುವಿನ ಹಿಂದೆ ನಡೆದವರ ಪ್ರತಿಮೆಗಳ ಸಾಲು ಅಲ್ಲಿದೆ. ಹಾಗೆ ನಡೆದವರಲ್ಲಿ ಒಬ್ಬರು ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು. ಆಗ ಅವರ ವಯಸ್ಸು ಹದಿನೆಂಟರ ಆಸುಪಾಸು; ನಮ್ಮ ಹೋಟೆಲುಗಳಲ್ಲಿ ಲೋಟ ತೊಳೆಯುವ ಹುಡುಗರ ವಯಸ್ಸು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಅವರು ಹುತಾತ್ಮರಾದರು. ಸೂರತ್ತಿನಿಂದ ಒಂದು ದಿನದ ದಾರಿಯೂ ಇಲ್ಲದ ಆ ತೀರವನ್ನು ನಮ್ಮವರಲ್ಲಿ ಎಷ್ಟು ಮಂದಿ ನೋಡಿದ್ದಾರೆ?

ಇನ್ನೂ ದಕ್ಷಿಣಕ್ಕೆ ಹೋದರೆ ವಲಸಾಡಿನ ಬಳಿ ಕಪ್ಪು ಮರಳಿನ ತೀಥಲ್ ಇದೆ. ವಾಪಿಯಲ್ಲಿ ಇಳಿದರೆ ದಮನ್ ಇದೆ. ದಮನ್ ಎಂದೊಡನೆ ನಮ್ಮ ಕೆಲವು ಓದುಗರ ಮುಖದಲ್ಲಿ ಏಕೆ ಮಂದಹಾಸ ಮೂಡುತ್ತದೆಂಬುದು ನಮಗೆ ತಿಳಿಯದ ವಿಷಯವೇನಲ್ಲ. ಪಾನನಿರೋಧದ ರಾಜ್ಯದ ಅಂಚಿನಲ್ಲಿರುವ ಊರಿಗೆ ಆ ಕೀರ್ತಿ ತಪ್ಪದು. ಆದರೆ 1961ರ ಡಿಸೆಂಬರಿನವರೆಗೆ ಪೋರ್ತುಗೀಜರ ವಶದಲ್ಲಿದ್ದ ಆ ಪಟ್ಟಣದ ಕೋಟೆ, ಇಗರ್ಜಿಗಳನ್ನು ಕಣ್ಣು ನೆಟ್ಟಗಿರುವಾಗಲೇ ನೋಡಿ ಬರಬೇಕೆಂದು ಮಾತ್ರ ನಮ್ಮ ವಿನಂತಿ.

ಹೀಗೆ ಕಣ್ಣಿಗೆ ಅಭ್ಯಾಸವಾದ ಮೇಲೆ ವಾರ್ಷಿಕ ರಜೆಯ ನಾಲ್ಕು ದಿನಗಳ ವಿಚಾರ. ಮನೆಯವರು ಊರಿನಲ್ಲಿದ್ದರೆ ಮೊದಲು ಊರಿಗೆ ಹೋಗಿ, ಅವರನ್ನು ಕರೆದುಕೊಂಡು ಉತ್ತರಾಭಿಮುಖವಾಗಿ ಹೊರಡಬೇಕು. ಸಂಸಾರ ಇಲ್ಲಿಯೇ ಇದ್ದರೆ ಹೋಗುವಾಗಲೇ ಕಾರವಾರದಲ್ಲಿ ಇಳಿದುಬಿಡಬೇಕು. ಎರಡನೆಯ ಬಗೆಯವರಿಗಾಗಿ ಮಾದರಿಗೆಂದು ಒಂದು ದಾರಿಯನ್ನು ಹೇಳುತ್ತೇವೆ.

ಮೊದಲ ದಿನ ಕಾರವಾರ. ಅಲ್ಲಿನ ಕಡಲ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಕವಿ ಅಲ್ಲಿ ತಂಗಿದ್ದು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಅದೇ ಅಣ್ಣ ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದಾಗ, 1878ರಲ್ಲಿ, ಹದಿನೇಳರ ರವೀಂದ್ರರು ಶಾಹಿಬಾಗಿನ ಅರಮನೆಯಲ್ಲಿ ವಾಸವಾಗಿದ್ದರು. ಅಹಮದಾಬಾದನ್ನೂ ಕಾರವಾರವನ್ನೂ ಒಂದೇ ಬಾಳಿನಲ್ಲಿ ಕಂಡವರು ನಾವೇ ಮೊದಲಿಗರಲ್ಲ. ಆದರೆ ಆ ಹುಡುಗ ಎರಡು ಕಡೆಯೂ ಕಣ್ಣು ತೆರೆದುಕೊಂಡಿದ್ದನು.

ಎರಡನೆಯ ದಿನ ಅಂಕೋಲಾ ಮತ್ತು ಗೋಕರ್ಣ. ದಾಂಡಿಯಲ್ಲಿ ಉಪ್ಪೆತ್ತಿದ ಒಂದೇ ವಾರದಲ್ಲಿ, 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಜನರು ಉಪ್ಪಿನ ಕಾನೂನನ್ನು ಮುರಿದರು. ದಾಂಡಿಯನ್ನು ನೋಡಿ ಬಂದವನಿಗೆ ಅಂಕೋಲೆಯ ಮಣ್ಣು ಬೇರೆಯಾಗಿಯೇ ಕಾಣುವುದು. ಅನಂತರ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಸಂಜೆಯ ತೀರ. ಮುಂದಿನ ದಾರಿಯಲ್ಲಿ ಕುಮಟೆಯ ಬಳಿ ಮಿರ್ಜಾನದ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಕಾಳುಮೆಣಸಿನ ರಾಣಿಯೆಂದು ಕರೆದುದನ್ನು ಅಲ್ಲಿ ನಿಂತು ಮಕ್ಕಳಿಗೆ ಹೇಳಬೇಕು. ನಾವು ರಸಂಗೆ ಹಾಕುವ ಕಾಳುಮೆಣಸಿಗಾಗಿಯೇ ಹಡಗುಗಳು ಸಪ್ತಸಾಗರಗಳನ್ನು ದಾಟಿ ಬಂದುವೆಂಬುದು ಹೋಟೆಲಿನವರ ಮಕ್ಕಳಿಗೆ ತಿಳಿದಿರಬೇಡವೇ?

ಮೂರನೆಯ ದಿನ ಹೊನ್ನಾವರದ ಶರಾವತಿ ಅಳಿವೆ, ಬಳಿಯ ಕಾಸರಕೋಡು ತೀರ, ಸಂಜೆಗೆ ಮುರುಡೇಶ್ವರ. ಕಾಸರಕೋಡಿಗೂ ಉಡುಪಿಯ ಪಡುಬಿದ್ರಿಗೂ 2020ರಲ್ಲಿ ನಿರ್ಮಲ ತೀರಗಳಿಗೆ ಕೊಡುವ ನೀಲಿಧ್ವಜದ ಮನ್ನಣೆ ದೊರೆಯಿತು. ಅದೇ ಪಟ್ಟಿಯಲ್ಲಿ ಗುಜರಾತಿನ ದ್ವಾರಕೆಯ ಬಳಿಯ ಶಿವರಾಜಪುರವೂ ಇತ್ತು. ನಾಲ್ಕನೆಯ ದಿನ ಬಸ್ಸಿನಲ್ಲಿ ಮರವಂತೆ: ಒಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕದಲ್ಲಿ ಸಮುದ್ರ, ನಡುವೆ ರಸ್ತೆ. ಮುಂದೆ ಕುಂದಾಪುರವನ್ನು ದಾಟಿ ಮಲ್ಪೆಗೆ ಬಂದು, ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಬದಂತಹ ಕಲ್ಲುಗಳು ಎಂಟು ಕೋಟಿ ವರ್ಷಗಳಿಗೂ ಹಿಂದೆ, ಭಾರತ ಭೂಭಾಗವು ಮಡಗಾಸ್ಕರದಿಂದ ಅಗಲಿದ ಕಾಲದ ಬೆಂಕಿಯಿಂದ ಆದುವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿಂದ ಮನೆಗೆ ಹೋದರೆ, ಮಾಡಿನ ಹೆಂಚು ಅಲ್ಲಿಯೇ ಕಾದಿರುತ್ತದೆ. ಅದನ್ನು ಏರುವವನ ಮೈಯಲ್ಲಿ ಮಾತ್ರ ಹೊಸ ಚೇತನವಿರುತ್ತದೆ.

ಈ ಸೂಚನೆಯ ಹಿಂದೆ ಕಣ್ಣಿನ ಸುಖಕ್ಕಿಂತ ದೊಡ್ಡ ವಿಚಾರವೊಂದಿದೆ. ನಮ್ಮ ಹೋಟೆಲುಗಳ ಮಾಳಿಗೆಯ ಕೊಠಡಿಗಳಲ್ಲಿ ಮಲಗುವ ಎಷ್ಟೋ ಮಂದಿಯ ಹೆಂಡತಿಯರು ಊರಿನಲ್ಲೇ ಇದ್ದಾರೆ. ವರ್ಷಕ್ಕೆ ಹದಿನೈದು ದಿನ ಗಂಡ ಬರುತ್ತಾನೆ. ಆ ಹದಿನೈದು ದಿನವೂ ಆಕೆ ಬಂದುಹೋಗುವ ನೆಂಟರಿಗೆ ಅಡಿಗೆ ಮಾಡುತ್ತಾಳೆ. ಆಕೆಯ ಯಾತ್ರೆಯೆಂದರೆ ತವರುಮನೆ, ಇಲ್ಲವೆ ಆಸ್ಪತ್ರೆ. ಕಾರ್ಕಳದ ಆಚೆ, ಹೆಬ್ರಿಯ ಆಚೆ ಇರುವ ಮುದುಕಿ ತಾಯಿ ಮಗನ ಹಣದಿಂದ ಮನೆಗೆ ಸಾರಣೆ ಮಾಡಿಸಿದ್ದಾಳೆ, ಮಗಳ ಮದುವೆ ಮಾಡಿದ್ದಾಳೆ. ಮಗನ ಜತೆಯಲ್ಲಿ ಮರಳಿನ ಮೇಲೆ ಒಂದು ಸಂಜೆ ಕುಳಿತಿಲ್ಲ. ನಾವು ದುಡಿಯುವುದು ಇವರಿಗಾಗಿ ಎಂದು ಹೇಳಿಕೊಳ್ಳುತ್ತೇವೆ. ಹಣ ಕಳುಹಿಸಿದ್ದೇವೆ, ದಿನಗಳನ್ನು ಕೊಟ್ಟಿದ್ದೇವೆಯೇ? ತಾಯಿಗೆ ವಯಸ್ಸು ಕಾಯುವುದಿಲ್ಲ. ಮುಂದಿನ ವರ್ಷವೆಂದು ಮುಂದೂಡಿದ ಪ್ರಯಾಣಗಳಲ್ಲಿ ಎಷ್ಟೋ ಎಂದೆಂದಿಗೂ ನಡೆಯದೆ ಉಳಿದುವು.

ಇಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳ ವಿಚಾರವೂ ಅಷ್ಟೇ. ಮಣಿನಗರದಲ್ಲೋ ಉಧನಾದಲ್ಲೋ ಬೆಳೆದ ಹುಡುಗನಿಗೆ ಊರೆಂದರೆ ದೊಡ್ಡವರು ಮಾತಾಡುವಾಗ ಸುಮ್ಮನೆ ಕುಳಿತಿರಬೇಕಾದ ಸ್ಥಳ. ಅವನಿಗೆ ಕನ್ನಡ ಬೇಸರವಾದರೆ ಆಶ್ಚರ್ಯವೇನು? ಅದೇ ಹುಡುಗ ಕುಮಟೆ, ಹೊನ್ನಾವರ, ಭಟ್ಕಳಗಳ ಬಸ್ಸಿನ ಹಲಗೆಗಳನ್ನು ತಾನೇ ಓದಿ, ‘ಅಪ್ಪಾ, ನಮ್ಮ ಬಸ್ಸು ಬಂತು’ ಎಂದು ಕೂಗಿದ ದಿನ, ಹತ್ತು ಭಾಷಣಗಳಿಂದಾಗದ ಕನ್ನಡದ ಕೆಲಸ ಆಗಿಹೋಗುತ್ತದೆ.

ಆಕ್ಷೇಪಣೆಗಳು ಬರುವುವು. ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರ ಗಲ್ಲೆಯ ಲೆಕ್ಕದ್ದು. ತಿಂಗಳಿಗೆ ಐನೂರು ರೂಪಾಯಿ ಬೇರೆಯಾಗಿ ಇಟ್ಟರೆ ವರ್ಷಕ್ಕೆ ಆರು ಸಾವಿರವಾಯಿತು. ನೆಂಟರಿಗೆಂದು ಹೊತ್ತೊಯ್ಯುವ ಸೀರೆಗಳಲ್ಲಿ ನಾಲ್ಕು ಕಡಮೆ ಮಾಡಿದರೆ ಇನ್ನಷ್ಟು ಉಳಿಯುವುದು. ಸೀರೆ ಸಿಗಲಿಲ್ಲವೆಂದು ಮುನಿಯುವ ಚಿಕ್ಕಮ್ಮನಿಗೆ ಗೋಕರ್ಣದ ಪ್ರಸಾದ ಕೊಡಬಹುದು. ಬಸ್ಸು, ಪ್ಯಾಸೆಂಜರು ಗಾಡಿ, ದೇವಸ್ಥಾನದ ಛತ್ರ, ಸಾಧಾರಣ ವಸತಿಗೃಹ ಇವು ನಮ್ಮಂಥವರಿಗಾಗಿಯೇ ಇವೆ. ಕಾಲದ ವಿಚಾರದಲ್ಲಿ ಮಾತ್ರ ಎಚ್ಚರವಿರಲಿ. ಮಳೆಗಾಲದಲ್ಲಿ ಪಶ್ಚಿಮ ಸಮುದ್ರ ಮುನಿದಿರುತ್ತದೆ. ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ, ದ್ವೀಪದ ದೋಣಿಯೂ ನಿಲ್ಲುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾದ ಬಿಸಿಲು. 2024ರ ನವೆಂಬರ್ 1ರಿಂದ ರೈಲಿನ ಟಿಕೇಟನ್ನು 60 ದಿನ ಮುಂಚಿತವಾಗಿ ಮಾತ್ರ ಕಾದಿರಿಸಬಹುದು. ಆದುದರಿಂದ ರಜೆಯ ನಿಶ್ಚಯ ಅದಕ್ಕೂ ಮೊದಲೇ ಆಗಿರಬೇಕು.

ಈ ನಿಶ್ಚಯ ಯಾರ ಕೈಯಲ್ಲಿದೆ? ಇಲ್ಲಿ ಧಣಿಗಳಿಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ಕೇಂದ್ರ ಸರಕಾರದ ಗುಮಾಸ್ತರಿಗೆ ಊರಿಗೆ ಹೋಗಲು ಮಾತ್ರವಲ್ಲದೆ, ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ಭಾರತದ ಯಾವ ಭಾಗಕ್ಕಾದರೂ ಹೋಗಿಬರಲು ಪ್ರಯಾಣ ಸೌಲಭ್ಯವಿದೆ. ಅವರಲ್ಲಿ ಅದನ್ನು ಉಪಯೋಗಿಸದವರು ತಮಗೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಿದ್ದಾರೆ. ಹೋಟೆಲಿನ ಮಾಣಿಗೆ ಏನಿದೆ? ಗುಜರಾತಿನ 2019ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರದ ರಜೆಯನ್ನೂ ಸಂಬಳಸಹಿತ ರಜೆಯನ್ನೂ ಹೇಳಿದೆ. ಆದರೆ ಕೆಲವೇ ಕೆಲಸಗಾರರಿರುವ ಸಣ್ಣ ಹೋಟೆಲುಗಳು ಆ ನಿಯಮಗಳ ಹೊರಗೆ ಉಳಿಯುತ್ತವೆ. ಅಂಥಲ್ಲಿ ಧಣಿಯ ಧರ್ಮಬುದ್ಧಿಯೇ ಕಾನೂನು.

1936ರಲ್ಲಿ ಫ್ರಾನ್ಸಿನ ಸರಕಾರವು ಎಲ್ಲ ಕೆಲಸಗಾರರಿಗೂ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕೊಡಿಸಿತು. ಅವರ ರೈಲು ಟಿಕೇಟಿನ ದರವನ್ನು ಶೇಕಡಾ 40ರಷ್ಟು ಇಳಿಸಿತು. ಆ ಬೇಸಗೆಯಲ್ಲಿ ಲಕ್ಷಾಂತರ ಕುಟುಂಬಗಳು ಪ್ರವಾಸ ಹೊರಟವು. ಅನೇಕರು ಅಂದೇ ಮೊದಲ ಬಾರಿಗೆ ಸಮುದ್ರವನ್ನು ಕಂಡರು. ಕಾರ್ಖಾನೆಗಳು ಮುಳುಗಿಹೋಗುವುವೆಂದು ಅಂದು ಹೇಳಿದವರಿದ್ದರು. ಕಾರ್ಖಾನೆಗಳು ಮುಳುಗಲಿಲ್ಲ, ರಜೆಯೂ ಉಳಿಯಿತು, ಅನಂತರ ಇನ್ನೂ ಬೆಳೆಯಿತು.

‘ಒಮ್ಮೆ ಬಿಟ್ಟರೆ ಹುಡುಗ ಮರಳಿ ಬರುವುದಿಲ್ಲ’ ಎಂಬುದು ಧಣಿಗಳ ಹಳೆಯ ಭಯ. ನಾವೂ ಗಲ್ಲೆಯಲ್ಲಿ ಕುಳಿತು ಆ ಭಯವನ್ನು ಬಲ್ಲವರೇ. ಆದರೆ ನಮ್ಮ ಅನುಭವದಲ್ಲಿ, ರಜೆಯ ಸಂಬಳವನ್ನು ಕೈಯಲ್ಲಿಟ್ಟು, ‘ಹೋಗಿ ಬಾ, ನಿನ್ನ ಜಾಗ ನಿನಗಿದೆ’ ಎಂದು ಕಳುಹಿಸಿದವನು ಬಂದೇ ಬರುತ್ತಾನೆ. ಅಳೆದು ಸುರಿದು ರಜೆ ಕೊಟ್ಟವನೇ ಬೇರೆ ಹೋಟೆಲಿಗೆ ಹೋಗಿ ಸೇರುವನು. ವರ್ಷದ ಮೊದಲಲ್ಲೇ ಯಾರಿಗೆ ಯಾವ ತಿಂಗಳು ರಜೆಯೆಂದು ಒಂದು ಪಟ್ಟಿ ಬರೆದು, ಅಡಿಗೆ ಭಟ್ಟರಿಂದ ಕ್ಲೀನರಿನವರೆಗೆ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಪೇಟೆ ಮುಚ್ಚಿ ಗಿರಾಕಿಗಳು ಕಡಮೆಯಾಗುವ ದೀಪಾವಳಿಯ ವಾರವನ್ನು ಮನೆಮಂದಿಯುಳ್ಳವರಿಗೆ ಸರದಿಯ ಮೇಲೆ ಕೊಡಬಹುದು. ನಮ್ಮ ಸಂಘಗಳು ವರ್ಷಕ್ಕೊಂದು ಸನ್ಮಾನ ಸಮಾರಂಭದ ಹಾರ ತುರಾಯಿಗಳ ಖರ್ಚನ್ನು ಉಳಿಸಿ, ಕೆಲಸಗಾರರ ಸಂಸಾರಗಳಿಗೆ ದಾಂಡಿಗೊಂದು ಬಸ್ಸು ಮಾಡಿದರೆ ಅದೂ ಸಮಾಜಸೇವೆಯೇ.

ಓದುಗರು ಇಂದು ಮಾಡಬೇಕಾದುದು ದೊಡ್ಡ ಕೆಲಸವಲ್ಲ. ಊರಿಗೆ ಫೋನು ಮಾಡುವಾಗ ಹಣ ಮುಟ್ಟಿತೇ ಎಂದು ಕೇಳಿದ ಬಳಿಕ ಇನ್ನೊಂದು ಪ್ರಶ್ನೆಯನ್ನು ಕೇಳಿ: ‘ಅಮ್ಮಾ, ಈ ಸಲ ನಾಲ್ಕು ದಿನ ಸಮುದ್ರದ ಕಡೆ ಹೋಗೋಣವೇ?’ ಆಕೆ ಮೊದಲು ಬೇಡವೆನ್ನುವಳು, ಖರ್ಚೇಕೆ ಎನ್ನುವಳು, ಕಾಲುನೋವೆನ್ನುವಳು. ಆಮೇಲೆ ಯಾವ ಸೀರೆ ಉಡಲಿ ಎಂದು ಕೇಳುವಳು. ಆ ಮಾತು ಕಿವಿಗೆ ಬಿದ್ದ ದಿನವೇ ಧಣಿಗಳ ಮುಂದೆ ರಜೆಯ ಅರ್ಜಿಯನ್ನು ಇಡಬೇಕು.